ಅಪ್ಪನ ರಾಗದ ಮೂರನೆಯ ಭಾಗ

ಮಾರ್ಗಿಟ್ ಖಮೀಸ್ ಮುಶೈತಿಗೆ ಬಂದಿಳಿದ ದಿನ ಊರಿಡೀ ಮಂಜು ಮುಸುಕಿತ್ತು. ಎಂಬತ್ತೆರಡನೇ ಇಸವಿಯ ಡಿಸೆಂಬರ್. ಸೌದಿ ಎಂದರೆ ಮರಳು ಮತ್ತು ಬಿಸಿಲು ಎಂದುಕೊಂಡು ಬಂದವರ ಹಲ್ಲು ಆ ಬೆಟ್ಟದ ಊರಿನ ಚಳಿಗೆ ಮೊದಲ ದಿನವೇ ಕಟಕಟಿಸುತ್ತದೆ. ನರ್ಸುಗಳ ಕ್ವಾರ್ಟರ್ಸಿನ ಗೇಟಿನೊಳಗೆ ಪೆಟ್ರೊನಿಲ್ಲಾ ಮೆಟ್ಟಿಲು ಒರೆಸುತ್ತಿದ್ದಳು. ಶಂಕರಪುರದ ಕಡೆಯವಳು, ವಿಧವೆ, ಅರವತ್ತಕ್ಕೆ ಹತ್ತಿರದ ವಯಸ್ಸು. ತಂಗಿಯ ಮಗಳು ಇಜಾಬೆಲ್ಲಾ ಅದೇ ಆಸ್ಪತ್ರೆಯಲ್ಲಿ ನರ್ಸ್. ಅವಳೇ ಹೇಗೋ ವೀಸಾ ಮಾಡಿಸಿ ಮೌಶಿಯನ್ನು ಆಯಾ ಕೆಲಸಕ್ಕೆ ಕರೆಸಿಕೊಂಡಿದ್ದಳು.

ಆಸ್ಪತ್ರೆಯ ವ್ಯಾನು ಬಂದು ನಿಂತಿತು. ಅದರಿಂದ ಎತ್ತರದ, ಎಲುಬು ಎದ್ದು ಕಾಣುವ ಹೆಂಗಸೊಬ್ಬಳು ಇಳಿದಳು, ಹೊಸ ನರ್ಸ್ ಮಾರ್ಗಿಟ್. ಒಣಹುಲ್ಲಿನ ಬಣ್ಣದ ಕೂದಲು, ನಡುನಡುವೆ ನರೆ. ಉದ್ದನೆಯ ಕರಿಯ ಪೆಟ್ಟಿಗೆಯೊಂದನ್ನು ಎದೆಗೆ ಅವುಚಿಕೊಂಡಿದ್ದಳು. ಹಿಂದಿನಿಂದ ಡ್ರೈವರ್ ಅಲಿಯಬ್ಬ ಎರಡು ಸೂಟ್‌ಕೇಸು ಹೊತ್ತು ಏದುತ್ತ ಬಂದ. ಅವನು ಉಪ್ಪಿನಂಗಡಿಯವನು, ನಾಲಗೆಗೆ ರಜೆ ಕೊಟ್ಟು ಗೊತ್ತಿಲ್ಲದವನು.

"ಬಾಯಮ್ಮಾ, ನೋಡಿ ಮಾರಾಯ್ರೆ ಇವರನ್ನು. ಹೇರು ಪೂರಾ ನನ್ನ ತಲೆಗೆ. ಈ ಒಂದು ಪೆಟ್ಟಿಗೆ ಮುಟ್ಟಲಿಕ್ಕೆ ಬಿಡುವುದಿಲ್ಲ. ಅಬ್ಹಾದ ಏರ್‌ಪೋರ್ಟಿನಿಂದ ಇಲ್ಲಿವರೆಗೆ ಮಡಿಲಲ್ಲೇ ಕೂರಿಸಿಕೊಂಡು ಬಂದದ್ದು, ಹೆತ್ತ ಮಗುವಿನ ಹಾಗೆ!"

"ನಿನಗೆಂತ ಅಲಿಯಬ್ಬ? ಅವರ ಪೆಟ್ಟಿಗೆ, ಅವರ ಮಡಿಲು."

"ಅಲ್ಲ, ಗೇಟಿನವ ಕೇಳಿದರೆ ಒಳಗೆ ಎಂತ ಉಂಟು ಅಂತ ಹೇಳುವುದು ನಾನು?"

ಗೇಟಿನವನು ಕೇಳಿಯೇ ಕೇಳಿದ. ಹೆಂಗಸು ಮೆಟ್ಟಿಲ ಮೇಲೆಯೇ ಕುಳಿತು ಪೆಟ್ಟಿಗೆ ತೆರೆದಳು. ಒಳಗೆ ಪಿಟೀಲು. ಆದರೆ ಊರಿನ ಇಗರ್ಜಿಯ ಪ್ರಾರ್ಥನೆಯಲ್ಲಿ ಪೆಟ್ರೊನಿಲ್ಲಾ ಕಂಡಿದ್ದ ಪಿಟೀಲಿನ ಹಾಗಲ್ಲ. ಮೈತುಂಬ ಕರಿ ಶಾಯಿಯ ಬಳ್ಳಿ ಹೂವು, ಕತ್ತಿನುದ್ದಕ್ಕೂ ಹೊಳೆಯುವ ಚಿಪ್ಪಿನ ಚೂರುಗಳು, ತುದಿಯಲ್ಲಿ ಕಿರೀಟ ಹೊತ್ತು ನಾಲಗೆ ಚಾಚಿದ ಒಂದು ಮೃಗದ ತಲೆ. ಮುದುಕ ಕಾವಲುಗಾರ ಆ ನಾಲಗೆಯನ್ನು ಬೆರಳಿನಿಂದ ಮುಟ್ಟಿ ನಕ್ಕ. ಆಮೇಲೆ ಮುಖ ಗಂಭೀರ ಮಾಡಿಕೊಂಡು, ಕೋಣೆಯೊಳಗೆ ಮಾತ್ರ, ಗೋಡೆಯಾಚೆ ಕೇಳಿಸಬಾರದು ಎಂದು ಕೈಸನ್ನೆಯಲ್ಲಿ ತಿಳಿಸಿದ.

ಮಾರ್ಗಿಟಳಿಗೆ ಸಿಕ್ಕಿದ ಕೋಣೆ ಇಸ್ತ್ರಿ ಕೋಣೆಯ ಪಕ್ಕದ್ದು. ನಡುವೆ ಇದ್ದದ್ದು ಒಂದೇ ತೆಳು ಗೋಡೆ.

ಮೊದಲ ವಾರದಲ್ಲೇ ಅವಳು ಪೆಟ್ರೊನಿಲ್ಲಾಳನ್ನು ಕರೆದು ಒಂದು ಕೆಲಸ ಒಪ್ಪಿಸಿದಳು. ಮಂಜು ಇಲ್ಲದ ದಿನಗಳಲ್ಲಿ ಬೆಟ್ಟದ ಒಣ ಗಾಳಿಗೆ ಪಿಟೀಲಿನ ಹಲಗೆ ಸೀಳು ಬಿಡುತ್ತದೆ. ತೂತು ಕೊರೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು ಪೆಟ್ಟಿಗೆಯ ಮೂಲೆಯಲ್ಲಿ ಇಡಬೇಕು. ತಾನು ಡ್ಯೂಟಿಗೆ ಹೋದಾಗ ಅದು ಒಣಗದ ಹಾಗೆ ನೋಡಿಕೊಳ್ಳಬೇಕು. ಹಿಂಡಿ ಇಡಬೇಕು, ನೀರು ತೊಟ್ಟಿಕ್ಕಬಾರದು. ಪೆಟ್ರೊನಿಲ್ಲಾ ಮಲ್ಲಿಗೆಯ ತೋಟದಲ್ಲಿ ಬೆಳೆದವಳು. ಮೊಗ್ಗಿಗೆ ಎಷ್ಟು ನೀರು ಚಿಮುಕಿಸಿದರೆ ಸಂಜೆಯವರೆಗೆ ಬಾಡದೆ ಇರುತ್ತದೆ, ಎಷ್ಟಾದರೆ ಕೊಳೆಯುತ್ತದೆ ಎಂಬುದು ಅವಳ ಕೈಗೆ ಗೊತ್ತು. ಆ ಕೆಲಸದಲ್ಲಿ ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ. ಅಂದಿನಿಂದ ಮಾರ್ಗಿಟ್ ಅವಳನ್ನು, ಅಮ್ಮ ಎನ್ನುವ ಅರ್ಥದಲ್ಲಿ, ಮಾಮಾ ಎಂದು ಕರೆಯತೊಡಗಿದಳು. ಪೆಟ್ರೊನಿಲ್ಲಾ ಅವಳನ್ನು ಸಿಸ್ಟರ್ ಎನ್ನುತ್ತಿದ್ದಳು. ಇಬ್ಬರ ಮಾತು ಆಸ್ಪತ್ರೆಯ ಇಂಗ್ಲಿಷು, ಬಜಾರಿನ ಅರಬ್ಬಿ, ಉಳಿದದ್ದು ಕೈ ಮತ್ತು ಕಣ್ಣು. ಮಾತು ಗಂಟು ಬಿದ್ದರೆ ಬಿಡಿಸಲು ಇಜಾಬೆಲ್ಲಾ ಇದ್ದಳು.

ಮಾರ್ಗಿಟಳ ಊರು ನಾರ್ವೆ ದೇಶದ ತೆಲೆಮಾರ್ಕ್ ಎಂಬ ಸೀಮೆಯಲ್ಲಿ, ಎರಡು ಬೆಟ್ಟಗಳ ನಡುವಿನ ಕಣಿವೆ. ಅಪ್ಪನಿಗೆ ನಾಲ್ಕು ಹಸು, ಒಂದಷ್ಟು ಹುಲ್ಲುಗಾವಲು. ಉಳಿದಂತೆ ಅವನು ಪಿಟೀಲಿನವನು. ಅವರ ಪಿಟೀಲಿಗೆ ಮೇಲೆ ನಾಲ್ಕು ತಂತಿ, ಅವುಗಳ ಅಡಿಯಲ್ಲಿ ಇನ್ನೂ ನಾಲ್ಕೈದು. ಅಡಿಯ ತಂತಿಗಳನ್ನು ಯಾರೂ ಮುಟ್ಟುವುದಿಲ್ಲ. ಮೇಲಿನ ತಂತಿಯ ಮೇಲೆ ಕಮಾನು ಆಡಿದಾಗ, ತಮ್ಮ ಸ್ವರ ಬಂದರೆ ಅವು ತಾವಾಗಿಯೇ ಗುಂಯ್ಗುಡುತ್ತವೆ.

"ಕೆಳಗಿನ ಮನೆಯವರು ಕೇಳಿಸಿಕೊಂಡು ಹೂಂ ಅಂದ ಹಾಗೆ," ಎಂದಳು ಪೆಟ್ರೊನಿಲ್ಲಾ. ಮಾರ್ಗಿಟಳಿಗೆ ಆ ಮಾತು ಬಹಳ ಹಿಡಿಸಿತು.

ಹಿಂದಿನ ಕಾಲದಲ್ಲಿ ಅವರ ಸೀಮೆಯಲ್ಲಿ ಮದುವೆಯ ದಿಬ್ಬಣದ ಮುಂದೆ ಪಿಟೀಲಿನವನು ಬಾರಿಸುತ್ತ ನಡೆಯುತ್ತಿದ್ದನಂತೆ. ಆಮೇಲೆ ಊರೂರು ತಿರುಗುವ ಬೋಧಕರು ಬಂದರು. ಪಿಟೀಲು ಸೈತಾನನ ವಾದ್ಯ, ಕುಡಿತ ಕುಣಿತಕ್ಕೆಲ್ಲ ಅದೇ ಮೂಲ ಎಂದರು. ಹೆದರಿದ ಜನ ತಮ್ಮ ಪಿಟೀಲನ್ನು ತಾವೇ ಬೆಂಕಿಗೆ ಹಾಕಿದರು.

"ಚರ್ಚಿನವರೇ ಸುಡಿಸಿದ್ದಾ, ಸಿಸ್ಟರ್?"

"ಚರ್ಚಿಗಿಂತ ಹೆಚ್ಚು ಭಕ್ತಿ ಇದ್ದವರು, ಮಾಮಾ."

ಮಾರ್ಗಿಟಳ ಅಪ್ಪನ ಅಜ್ಜ ಮಾತ್ರ ಸುಡಲಿಲ್ಲ. ಕೊಟ್ಟಿಗೆಯ ನೆಲದ ಹಲಗೆಯಡಿ ಬಚ್ಚಿಟ್ಟ. ಯಾರೂ ಇಲ್ಲದಾಗ ತೆಗೆದು, ಹಸುಗಳ ಎದುರಿಗೆ ಬಾರಿಸುತ್ತಿದ್ದ. ಆ ಕೊಟ್ಟಿಗೆಯಲ್ಲಿ ಒಂದು ರಾಗ ಹುಟ್ಟಿತು. ಕುಣಿತದ ರಾಗ, ಆದರೆ ಕುಣಿಯುವವರು ಯಾರೂ ಇಲ್ಲದೆ ಹುಟ್ಟಿದ್ದು. ಅಜ್ಜನಿಂದ ಮೊಮ್ಮಗನಿಗೆ, ಅಂದರೆ ಮಾರ್ಗಿಟಳ ಅಪ್ಪನಿಗೆ, ಬಂತು. ಬೇರೆ ಯಾರ ಕೈಗೂ ಹೋಗಲಿಲ್ಲ.

ಅವರ ಪಿಟೀಲಿನವರೆಲ್ಲ ತಮ್ಮ ರಾಗವನ್ನು ಹಾಗೆಯೇ ಕಾಯುತ್ತಿದ್ದರಂತೆ. ಎದುರಾಳಿ ಸಭೆಯಲ್ಲಿದ್ದರೆ ಬೆರಳು ಕಾಣದ ಹಾಗೆ ಬೆನ್ನು ತಿರುಗಿಸಿ ಬಾರಿಸುವುದು, ಒಳ್ಳೆಯ ಭಾಗವನ್ನು ಬಿಟ್ಟು ಬಾರಿಸುವುದು. ಕಲಿಸುವುದಾದರೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಕಿವಿಯಿಂದ ಕಿವಿಗೆ. ಬಹಳ ಹಿಂದೆ ಒಬ್ಬ ಮುದುಕ ಪಿಟೀಲುಗಾರ ದೇಶದ ದೊಡ್ಡ ಸಂಗೀತಗಾರನಿಗೆ, ನಾನು ಸಾಯುವ ಮೊದಲು ನನ್ನ ರಾಗಗಳನ್ನು ಬರೆಸಿಕೊಳ್ಳಿ ಎಂದು ಅಂಗಲಾಚಿದ್ದನಂತೆ. ಬರೆದರು. ಆ ದೊಡ್ಡ ಮನುಷ್ಯ ಅವನ್ನು ಪಿಯಾನೋಕ್ಕೆ ಹೊಂದಿಸಿದ. ಲೋಕವೆಲ್ಲ ಹೊಗಳಿತು. ಮಾರ್ಗಿಟಳ ಅಪ್ಪ ಮಾತ್ರ, "ಪಿಯಾನೋಕ್ಕೆ ಅಡಿತಂತಿ ಎಲ್ಲಿದೆ?" ಎಂದು ಗೊಣಗುತ್ತಿದ್ದ. ರೇಡಿಯೋದವರು ಯಂತ್ರ ಹೊತ್ತು ಅವನ ಮನೆಗೂ ಬಂದಿದ್ದರು. ಅವರಿಗೆ ಕಾಫಿ ಕೊಟ್ಟು, ಊರಿನ ಮಕ್ಕಳಿಗೂ ಗೊತ್ತಿದ್ದ ಯಾವುದೋ ರಾಗ ಬಾರಿಸಿ ಕಳಿಸಿದ.

ಗಂಡುಮಕ್ಕಳಿಬ್ಬರೂ ಹಡಗು ಹತ್ತಿದರು. ಉಳಿದವಳು ಮಾರ್ಗಿಟ್. ಹೆಣ್ಣಿಗೆ ಕಲಿಸುವುದೋ ಬೇಡವೋ ಎಂದು ಅಪ್ಪ ವರ್ಷಗಟ್ಟಲೆ ಮೀನಮೇಷ ಎಣಿಸಿ, ಕೊನೆಗೆ ಒಂದು ಚಳಿಗಾಲ ಕೂರಿಸಿ ಕಲಿಸಿದ. ಯಂತ್ರಕ್ಕೆ ಕೊಡಬೇಡ, ಕಾಗದಕ್ಕೆ ಇಳಿಸಬೇಡ, ರಕ್ತದವರಿಗೆ ಕೊಡು ಎಂದು ಮಾತು ತೆಗೆದುಕೊಂಡ. ಮಾರ್ಗಿಟ್ ಮದುವೆಯಾಗಲಿಲ್ಲ. ಅಮ್ಮನ ಕಾಯಿಲೆ, ಅಪ್ಪನ ಕಾಯಿಲೆ ನೋಡಿ ಇಬ್ಬರನ್ನೂ ಮಣ್ಣು ಮಾಡಿದ ಮೇಲೆ ಮನೆ ಬಿಕೋ ಎಂದಿತು. ನರ್ಸುಗಳು ಬೇಕಾಗಿದ್ದಾರೆ ಎಂಬ ಜಾಹೀರಾತು ನೋಡಿ ಸೌದಿಗೆ ಬಂದಳು. ಅಣ್ಣನ ಮಗಳು ಈಗ ಪಿಟೀಲು ಹಿಡಿಯಲು ಕಲಿಯುತ್ತಿದ್ದಾಳೆ, ಕೈ ಹದಕ್ಕೆ ಬರಲಿ, ಎಂಬತ್ತೈದರ ಬೇಸಿಗೆ ರಜೆಯಲ್ಲಿ ಅವಳಿಗೆ ಆ ರಾಗ ಕೊಡುತ್ತೇನೆ ಎಂದು ಹೇಳುತ್ತಿದ್ದಳು.

ಡ್ಯೂಟಿ ಮುಗಿದ ಮಧ್ಯಾಹ್ನಗಳಲ್ಲಿ ಮಾರ್ಗಿಟ್ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಿನ ಸಂದಿಗೆ ಟವೆಲು ತುರುಕಿ ಅಪ್ಪನ ರಾಗ ಬಾರಿಸುತ್ತಿದ್ದಳು. ಕಾಲಿನ ತಾಳ ನೆಲದ ಮೇಲೆ ಧಪ್ ಧಪ್ ಎನ್ನುತ್ತಿತ್ತು. ಮೂರು ಪೆಟ್ಟು, ಆದರೆ ಮೂರೂ ಒಂದೇ ಅಳತೆಯದಲ್ಲ, ಏರು ಹತ್ತುವ ಮುದುಕನ ಹೆಜ್ಜೆಯ ಹಾಗೆ. ಗೋಡೆಯ ಈಚೆ ಪೆಟ್ರೊನಿಲ್ಲಾ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ರಾಗಕ್ಕೆ ಮೂರು ಭಾಗ. ಮೂರನೆಯದು ಮೇಲೇರಿ, ಗಿರಕಿ ಹೊಡೆದು, ಹೇಗೋ ಹಾರಿ ಮತ್ತೆ ಮೊದಲಿಗೇ ಬರುತ್ತಿತ್ತು. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ.

"ಅದಕ್ಕೆ ಕೊನೆ ಅಂತ ಇಲ್ಲವಾ, ಸಿಸ್ಟರ್?"

"ಇಲ್ಲ. ಕುಣಿಯುವವರು ಸುಸ್ತಾಗುವವರೆಗೆ ತಿರುಗುತ್ತಲೇ ಇರಬೇಕು."

ಹೀಗೆ ಎರಡು ವರ್ಷ ದಾಟಿತು.

ಎಂಬತ್ತೈದರ ವಸಂತ. ಒಂದು ಗುರುವಾರ ನರ್ಸುಗಳು ಅಬ್ಹಾಕ್ಕೆ ಹೋಗಿ ಹಿಂದೆ ಬರುತ್ತಿದ್ದರು. ರಸ್ತೆ ತುಂಬ ಮಂಜು. ತಿರುವಿನಲ್ಲಿ ಕೋತಿಗಳ ದಂಡು ರಸ್ತೆ ಅಡ್ಡಗಟ್ಟಿ ಕುಳಿತಿತ್ತು. ಅಲಿಯಬ್ಬ ಬ್ರೇಕ್ ಒತ್ತಿದ. ವ್ಯಾನು ಜಾರಿ ಕಲ್ಲಿನ ಕಟ್ಟೆಗೆ ಒರೆಸಿಕೊಂಡು ನಿಂತಿತು. ತಪ್ಪು ಅವನದಲ್ಲ, ಎಲ್ಲರೂ ಹಾಗೆಯೇ ಹೇಳಿದರು. ಉಳಿದವರಿಗೆ ತರಚು ಗಾಯ. ಕಿಟಕಿಯ ಪಕ್ಕ ಕುಳಿತಿದ್ದ ಮಾರ್ಗಿಟಳ ಎಡ ಮುಂಗೈಯೊಳಗೆ ಗಾಜು ಹೊಕ್ಕಿತ್ತು.

ಬ್ಯಾಂಡೇಜು ಬಿಚ್ಚಿದ ದಿನ ಪೆಟ್ರೊನಿಲ್ಲಾ ಜೊತೆಗಿದ್ದಳು. ಉಂಗುರ ಬೆರಳು, ಕಿರುಬೆರಳು ಎರಡೂ ಒಣಗಿದ ಬೀನ್ಸಿನ ಹಾಗೆ ಬಾಗಿ ನಿಂತಿದ್ದವು. ಡಾಕ್ಟರು ವ್ಯಾಯಾಮ, ಸಮಯ ಎಂದೆಲ್ಲ ಹೇಳಿದರು. ಮಾರ್ಗಿಟ್ ನರ್ಸ್ ಅಲ್ಲವೇ, ಡಾಕ್ಟರರ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ಕೋಣೆಗೆ ಬಂದವಳೇ ಪಿಟೀಲು ತೆಗೆದಳು. ಉಳಿದ ಎರಡು ಬೆರಳಲ್ಲಿ ಮೊದಲ ಭಾಗ ಕುಂಟುತ್ತ ಬಂತು. ಎರಡನೆಯದು ಅಲ್ಲಲ್ಲಿ ಮುರಿಯಿತು. ಮೂರನೆಯದು ಪೂರಾ ಕಿರುಬೆರಳಿನ ಆಟ. ಅಲ್ಲಿಗೆ ಬಂದು ಕಮಾನು ಸುಮ್ಮನೆ ನಿಂತಿತು. ಮತ್ತೆ ಮೊದಲಿನಿಂದ ಹಿಡಿದಳು. ಮತ್ತೆ ಅಲ್ಲಿಗೇ ಬಂದು ನಿಂತಿತು. ಬಾಯಲ್ಲಿ ಗುನುಗಿ ನೋಡಿದಳು. ಬರಲಿಲ್ಲ.

"ಅದು ನನ್ನ ತಲೆಯಲ್ಲಿ ಯಾವತ್ತೂ ಇರಲಿಲ್ಲ, ಮಾಮಾ. ಬೆರಳಲ್ಲಿ ಇತ್ತು. ಬೆರಳು ಓಡುತ್ತಿತ್ತು, ನಾನು ಹಿಂದೆ ಹೋಗುತ್ತಿದ್ದೆ. ಈಗ ಬೆರಳೇ ಸತ್ತಿದೆ."

ರೋಗಿಗಳನ್ನು ಎತ್ತಲಾಗದ ನರ್ಸನ್ನು ಆಸ್ಪತ್ರೆ ಇಟ್ಟುಕೊಳ್ಳುವುದಿಲ್ಲ. ಊರಿಗೆ ಕಳಿಸುವ ಕಾಗದಪತ್ರ ಶುರುವಾಯಿತು. ಊರಿಗೆ ಹೋಗುವುದು ಮಾರ್ಗಿಟಳಿಗೆ ದುಃಖವಲ್ಲ. ಬರಿಗೈಯಲ್ಲಿ ಹೋಗುವುದು ದುಃಖ. ಅಣ್ಣನ ಮಗಳಿಗೆ ಕೊಡಲು ಅರ್ಧ ರಾಗ. ನಾಲ್ಕು ತಲೆಮಾರು ಬೆಂಕಿಯಿಂದ, ಕಳ್ಳರಿಂದ, ರೇಡಿಯೋದವರಿಂದ ಕಾಪಾಡಿದ್ದು ತನ್ನ ಕೈಯಲ್ಲಿ ಹೋಯಿತಲ್ಲ ಎಂದು ಅವಳು ಗೋಡೆಗೆ ತಲೆ ಆನಿಸಿ ಕುಳಿತಿರುತ್ತಿದ್ದಳು.

ಅಲಿಯಬ್ಬನಿಗೆ ಹೇಳಿ ಬಜಾರಿನಿಂದ ಟೇಪ್ ರೆಕಾರ್ಡರ್ ತರಿಸಿದಳು. "ಅಪ್ಪನ ಮಾತು ಮೀರುತ್ತೇನೆ. ಉಳಿದದ್ದಾದರೂ ಉಳಿಯಲಿ," ಎಂದಳು. ಗುಂಡಿ ಒತ್ತಿ ಗುನುಗುತ್ತಾಳೆ: ಮೊದಲ ಭಾಗ, ಎರಡನೆಯ ಭಾಗ, ಆಮೇಲೆ ಕ್ಯಾಸೆಟ್ಟು ಸುಮ್ಮನೆ ತಿರುಗುತ್ತದೆ. ಆ ಸದ್ದಿಲ್ಲದ ಟೇಪನ್ನೇ ಹಿಂದಕ್ಕೆ ತಿರುಗಿಸಿ ಕೇಳುತ್ತಾಳೆ, ಅದರೊಳಗೆ ಏನೋ ಅಡಗಿದೆ ಎಂಬ ಹಾಗೆ. ಊಟ ಬಿಟ್ಟಳು. ಪೆಟ್ರೊನಿಲ್ಲಾ ಗಂಜಿ ಮಾಡಿ, ಮಾವಿನ ಮಿಡಿ ಇಟ್ಟು, "ಎರಡು ಚಮಚ, ಸಿಸ್ಟರ್," ಎಂದು ಎದುರಿಗೆ ಕುಳಿತರೆ ಚಮಚ ಹಿಡಿದು ಅಲ್ಲೇ ಕಲ್ಲಾಗುತ್ತಿದ್ದಳು.

ಒಂದು ಮಧ್ಯಾಹ್ನ ಪೆಟ್ರೊನಿಲ್ಲಾ ತನ್ನ ಪಾಡಿಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲು ಧಡಾರೆಂದು ತೆರೆಯಿತು. ಬರಿಗಾಲಲ್ಲಿ ಮಾರ್ಗಿಟ್ ನಿಂತಿದ್ದಾಳೆ.

"ಏನು ಹಾಡಿದೆ ಈಗ?"

"ನಾನಾ? ನಾನು ಎಂತ ಹಾಡಿದೆ?"

"ಮೂರನೆಯ ಭಾಗ! ನೀನು ಮೂರನೆಯ ಭಾಗ ಗುನುಗುತ್ತಿದ್ದಿ!"

ಪೆಟ್ರೊನಿಲ್ಲಾ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ತಾನು ಗುನುಗಿದ್ದು ಅವಳಿಗೇ ಗೊತ್ತಿರಲಿಲ್ಲ. ಮತ್ತೆ ಹಾಡು ಎಂದ ಕೂಡಲೆ ಆಗುವುದಿಲ್ಲ ಎಂದು ಕೈಯಾಡಿಸಿದಳು. ಅದಕ್ಕೆ ಕಾರಣವಿತ್ತು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಹೆಂಗಸರು ವೊವಿಯೊ ಎಂಬ ಸೋಬಾನೆ ಪದ ಹಾಡುತ್ತಾರೆ. ಒಬ್ಬಳು ಸಾಲು ಎತ್ತಿಕೊಡಬೇಕು, ಉಳಿದವರು ಹಿಡಿಯಬೇಕು. ಪೆಟ್ರೊನಿಲ್ಲಾಳ ತಾಯಿ ಎತ್ತಿಕೊಡುವವಳು. ತಾಯಿಯ ನಂತರ ಪೆಟ್ರೊನಿಲ್ಲಾ. ಗಂಡ ಜ್ವರದಲ್ಲಿ ತೀರಿದ ಮೇಲೆ ಅವಳ ಊರಿನಲ್ಲಿ ಯಾರೂ ಅವಳನ್ನು ರೋಸಿಗೆ ಮುಂದೆ ಕೂರಿಸಲಿಲ್ಲ. ಗಂಡನಿಲ್ಲದವಳು ಎತ್ತಿಕೊಟ್ಟ ಸಾಲು ಮದುಮಗಳಿಗೆ ಆಗುವುದಿಲ್ಲ. ಅಂದಿನಿಂದ ಅವಳು ನಾಲ್ಕು ಜನರೆದುರು ಹಾಡಿಲ್ಲ.

ಇಜಾಬೆಲ್ಲಾ ಬಂದು ವಿಷಯ ತಿಳಿದು ರೇಗಿದಳು. "ಮೌಶಿ, ಇಲ್ಲಿ ಯಾವ ಮದುಮಗಳು ಕೂತಿದ್ದಾಳೆ? ಈ ಹೆಂಗಸು ಸಾಯಲಿಕ್ಕೆ ಆಗಿದ್ದಾಳೆ, ನಿಮಗೆ ಶಾಸ್ತ್ರ!"

"ಬೈಯಬೇಡ ಬೆಲ್ಲಾ. ಹಾಡ್ತೇನೆ. ನೀನು ಮಾತ್ರ ಆಚೆ ಹೋಗು, ನಿನಗೆ ಇನ್ನೂ ಮದುವೆ ಆಗಬೇಕು."

ಇಜಾಬೆಲ್ಲಾ ಹಣೆ ಚಚ್ಚಿಕೊಂಡು ಹೊರಗೆ ಹೋದಳು. ಪೆಟ್ರೊನಿಲ್ಲಾ ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ ಹಾಡಿದಳು. ಮೊದಲನೆಯದು, ಎರಡನೆಯದು, ಮೂರನೆಯದು. ಗಿರಕಿಗಳು, ಏರು, ಮೂರು ಪೆಟ್ಟಿನ ಕುಂಟು, ಎಲ್ಲ. ಮಾರ್ಗಿಟ್ ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡು ಬಿಕ್ಕಿದಳು. ಆಮೇಲೆ ಗುಂಡಿ ಒತ್ತಿದಳು. "ಇನ್ನೊಮ್ಮೆ, ಮಾಮಾ."

ಆ ಮೇಲೆ ದಿನಾ ಅದೇ. ಗುರು ಆಸ್ಪತ್ರೆಯ ಆಯಾ, ಶಿಷ್ಯೆ ಆ ರಾಗದ ಮನೆಯವಳೇ. ಪೆಟ್ರೊನಿಲ್ಲಾ ಹಾಡುತ್ತಾಳೆ, ಮಾರ್ಗಿಟ್ ಹಿಂದಿನಿಂದ ಹಾಡುತ್ತಾಳೆ. ಹೋಗುವ ದಿನ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಬೆರಳಲ್ಲಿದ್ದದ್ದು ತಲೆಗೆ ಬರಬೇಕು. ಎಷ್ಟು ಸಲ ಹಾಡಿದರೋ ಲೆಕ್ಕವಿಲ್ಲ. ಮಾರ್ಗಿಟ್ ಗಂಜಿ ಕುಡಿಯತೊಡಗಿದಳು. ಅಲಿಯಬ್ಬ ಗೇಟಿನ ಹತ್ತಿರ ಕಂಡಾಗಲೆಲ್ಲ ಕೇಳುತ್ತಿದ್ದ.

"ಸಿಕ್ಕಿತಾ ಬಾಯಮ್ಮಾ?"

"ಸಿಕ್ಕಿತು ಮಾರಾಯ."

"ಅಲ್ಹಮ್ದುಲಿಲ್ಲಾ! ನಾನು ಇನ್ನು ನಿದ್ದೆ ಮಾಡಬಹುದು."

ಹೊರಡುವುದಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಮಾರ್ಗಿಟ್ ಪಿಟೀಲಿಗೆ ಹೊಸದಾಗಿ ಶ್ರುತಿ ಮಾಡಿದಳು. ಅಡಿತಂತಿಗಳನ್ನು ಅಪ್ಪ ಆ ರಾಗಕ್ಕೆಂದೇ ಕಟ್ಟುತ್ತಿದ್ದ ರೀತಿಯಲ್ಲಿ ಬಿಗಿದಳು. ಬಾರಿಸಲು ಆಗದಿದ್ದರೇನು, ಪಿಟೀಲೂ ಒಮ್ಮೆ ಕೇಳಲಿ ಎಂದು ಅದನ್ನು ಮೇಜಿನ ಮೇಲೆ ಮಲಗಿಸಿ, ಪೆಟ್ರೊನಿಲ್ಲಾಳನ್ನು ಅದರ ಹತ್ತಿರ ಬಗ್ಗಿ ಹಾಡು ಎಂದಳು. ತಾನು ಪಿಟೀಲಿನ ಹಲಗೆಗೆ ಕಿವಿ ಇಟ್ಟಳು.

ಪೆಟ್ರೊನಿಲ್ಲಾ ಹಾಡಿದಳು. ಯಾರೂ ಮುಟ್ಟದ ತಂತಿಗಳು ಸಣ್ಣಗೆ ಗುಂಯ್ಗುಟ್ಟಿದವು. ಮಾರ್ಗಿಟಳ ಮುಖದಲ್ಲಿ ನಗು ಹರಡಿತು. ಮೂರನೆಯ ಭಾಗ ಏರಿತು, ತಿರುಗಿತು. ತಂತಿಗಳು ಹೂಂ ಹೂಂ ಎನ್ನುತ್ತ ಬಂದವು. ಕೊನೆಯ ಆ ತಿರುವು ಬಂತು. ಪೆಟ್ರೊನಿಲ್ಲಾಳ ಸ್ವರ ಮೆಲ್ಲನೆ ಇಳಿದು ಕುಳಿತಿತು. ತಂತಿಗಳು ಸುಮ್ಮನಾದವು.

ಮಾರ್ಗಿಟಳ ನಗು ಹಾಗೆಯೇ ನಿಂತುಹೋಯಿತು. "ಇನ್ನೊಮ್ಮೆ."

ಮತ್ತೆ ಅದೇ ಜಾಗ. ಮತ್ತೆ ಪಿಟೀಲು ಮೂಕ.

"ಇನ್ನೊಮ್ಮೆ, ಮಾಮಾ. ಆ ಕೊನೆ ಮಾತ್ರ."

ಮೂರನೆಯ ಸಲವೂ ತಂತಿ ಅಲುಗಲಿಲ್ಲ. ಮಾರ್ಗಿಟ್ ತಲೆ ಎತ್ತಿದಳು. ಅವಳ ದನಿ ಬಹಳ ತಗ್ಗಿತ್ತು.

"ಇಲ್ಲಿ ನೀನು ಇಳಿಯುತ್ತಿ. ಯಾಕೆ ಇಳಿಯುತ್ತಿ? ಇದು ಇಳಿಯುವುದಿಲ್ಲ. ಇಲ್ಲಿಂದ ಮೊದಲಿಗೆ ಹಾರಬೇಕು. ಅಪ್ಪ ಈ ಸ್ವರಕ್ಕೆ ತಂತಿಯನ್ನೇ ಕಟ್ಟಿಲ್ಲ. ಈ ಸ್ವರ ಈ ರಾಗದಲ್ಲೇ ಇಲ್ಲ!"

ಪೆಟ್ರೊನಿಲ್ಲಾ ಮಂಚದ ಅಂಚಿಗೆ ಕುಳಿತಳು. ಒಳಗೆ ತಾನೇ ಹಾಡಿ ನೋಡಿಕೊಂಡಳು. ಅರ್ಥವಾಯಿತು. ಅದು ವೊವಿಯೊದ ಇಳಿಕೆ. ಎತ್ತಿದ ಸಾಲನ್ನು ಇಳಿಸಿ ಕೂರಿಸದೆ ಬಿಡಬಾರದು, ಸಾಲು ತೆರೆದೇ ಉಳಿದರೆ ಮದುಮಗಳ ಬಾಳಿಗೆ ಒಳ್ಳೆಯದಲ್ಲ ಎಂದು ತಾಯಿ ಚಿಕ್ಕಂದಿನಿಂದ ಅವಳ ಗಂಟಲನ್ನು ಹಾಗೆ ಪಳಗಿಸಿದ್ದಳು. ಯಾರು ಯಾವ ಸಾಲು ಅರ್ಧಕ್ಕೆ ಬಿಟ್ಟರೂ ಅದನ್ನು ಮುಚ್ಚುವುದು ಸಾಲು ಎತ್ತಿಕೊಡುವವಳ ಕೆಲಸ. ಗೋಡೆಯಾಚೆಯಿಂದ ತೂಗುತ್ತ ಬಂದ ಆ ಕೊನೆಯನ್ನು ಅವಳ ಗಂಟಲು ಅವಳನ್ನು ಕೇಳದೆಯೇ ಮುಚ್ಚಿಬಿಟ್ಟಿತ್ತು.

ಇಜಾಬೆಲ್ಲಾಳನ್ನು ಕರೆಸಿ ಅದನ್ನೆಲ್ಲ ಹೇಳಿಸಿದಳು. ಮಾರ್ಗಿಟ್ ಕೊನೆಯವರೆಗೆ ಕೇಳಿದಳು. ಆಮೇಲೆ ಎದ್ದು ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿದಳು. ಮೊದಲ ದಿನದ್ದು, ಎರಡನೆಯ ದಿನದ್ದು, ನಿನ್ನೆಯದು. ಎಲ್ಲದರಲ್ಲೂ ಅದೇ ಇಳಿಕೆ, ಅಚ್ಚುಕಟ್ಟಾಗಿ.

"ಹಾಗಾದರೆ ಸರಿಯಾದದ್ದನ್ನು ಈಗ ಹೇಳಿ, ಸಿಸ್ಟರ್," ಎಂದಳು ಇಜಾಬೆಲ್ಲಾ. "ಅಪ್ಪನದ್ದು ನಿಮಗೆ ನೆನಪು ಉಂಟಲ್ಲ?"

ಮಾರ್ಗಿಟ್ ಬಾಯಿ ತೆರೆದಳು. ಹಾಡಿದಳು. ಕೊನೆಗೆ ಬಂದಾಗ ಅವಳ ಸ್ವರವೂ ಮೆಲ್ಲನೆ ಇಳಿದು ಕುಳಿತಿತು. ಇನ್ನೊಮ್ಮೆ ಹಾಡಿದಳು. ಇನ್ನೊಮ್ಮೆ ಇಳಿಯಿತು. ಕಿವಿ ಎರಡನ್ನೂ ಮುಚ್ಚಿಕೊಂಡಳು.

"ಇಲ್ಲ. ಇದೇ ಬರುತ್ತದೆ. ಅಪ್ಪನದು ಇದರಡಿ ಎಲ್ಲೋ ಸಿಕ್ಕಿಕೊಂಡಿದೆ, ತೆಗೆಯಲಿಕ್ಕೆ ಆಗುವುದಿಲ್ಲ." ಆಮೇಲೆ ಪೆಟ್ರೊನಿಲ್ಲಾಳ ಕಡೆ ತಿರುಗಿ, "ನಾನು ಮರೆತದ್ದೇ ಒಳ್ಳೆಯದಿತ್ತು, ಮಾಮಾ. ಮರೆತದ್ದು ಒಂದು ದಿನ ನೆನಪಾಗುತ್ತಿತ್ತೋ ಏನೋ. ಈಗ ಆ ಜಾಗದಲ್ಲಿ ನೀನು ಕುಳಿತಿದ್ದಿ."

ಪೆಟ್ರೊನಿಲ್ಲಾ ಪೆಟ್ಟಿಗೆಯ ಮೂಲೆಯ ಸೋಪಿನ ಡಬ್ಬಿ ತೆಗೆದುಕೊಂಡು ಸ್ಪಂಜು ಒದ್ದೆ ಮಾಡಲು ಹೋದಳು.

ಉಳಿದ ದಿನಗಳಲ್ಲಿ ಇಬ್ಬರೂ ಆ ತಿರುವಿನ ನಾಲ್ಕೈದು ಸ್ವರಗಳಿಗಾಗಿ ಕಸದ ರಾಶಿಯಲ್ಲಿ ಸೂಜಿ ಹುಡುಕುವವರ ಹಾಗೆ ಹುಡುಕಿದರು. ಪೆಟ್ರೊನಿಲ್ಲಾ ಇಸ್ತ್ರಿ ಕೋಣೆಗೆ ಹೋಗಿ, ಅದೇ ಮೇಜು, ಅದೇ ಹೊತ್ತು, ಬಿಸಿ ಬಟ್ಟೆಯ ಅದೇ ವಾಸನೆಯಲ್ಲಿ ನಿಂತಳು. ಬೇರೆ ಏನನ್ನೋ ಯೋಚಿಸಿ ಗಂಟಲಿಗೆ ಮೋಸ ಮಾಡಲು ನೋಡಿದಳು. ಮಾರ್ಗಿಟ್ ಗೋಡೆಯಾಚೆ ಉಸಿರು ಹಿಡಿದು ಕುಳಿತಿರುತ್ತಿದ್ದಳು. ಗುನುಗು ಬಂದಾಗಲೆಲ್ಲ ಇಳಿಕೆಯೂ ಬಂತು. ಮಾರ್ಗಿಟ್ ತಾನೇ ಬೇರೆ ಬೇರೆ ಸ್ವರ ಹಚ್ಚಿ, "ಹೀಗಿ‍ತ್ತಾ? ಹೀಗಾ?" ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. ಹೂಂ, ಹೀಗೇ ಇತ್ತು ಎಂದಿದ್ದರೆ ಅವಳು ನಂಬುತ್ತಿದ್ದಳು, ಬದುಕುತ್ತಿದ್ದಳು. ಪೆಟ್ರೊನಿಲ್ಲಾಳ ನಾಲಗೆ ತುದಿಗೆ ಎರಡು ಮೂರು ಸಲ ಆ ಹೂಂ ಬಂತು. ಆದರೆ ಅದು ಹಾಗಿರಲಿಲ್ಲ. ಏನಿರಲಿಲ್ಲ ಎಂಬುದು ಅವಳಿಗೆ ಖಚಿತವಾಗಿ ಗೊತ್ತಾಗುತ್ತಿತ್ತು; ಏನಿತ್ತು ಎಂಬುದು ಮಾತ್ರ ಬರುತ್ತಿರಲಿಲ್ಲ.

"ಅಲ್ಲ, ಸಿಸ್ಟರ್."

"ಹೀಗೆ?"

"ಅದೂ ಅಲ್ಲ."

ಅಲಿಯಬ್ಬ ಸುದ್ದಿ ಕೇಳಿ ಮೊದಲು ತಮಾಷೆ ಮಾಡಲು ನೋಡಿದ. "ಎಂತ ಬಾಯಮ್ಮಾ, ಇಷ್ಟು ದೊಡ್ಡ ಮೀನಿಗೆ ಬಾಲ ಒಂದು ಬೇರೆಯಾದರೆ ಎಂತ ಆಯಿತು? ಆ ದೇಶದಲ್ಲಿ ಯಾರಿಗೆ ಗೊತ್ತಾಗ್ತದೆ?"

"ಸಿಸ್ಟರಿಗೆ ಗೊತ್ತಾಗ್ತದೆ ಅಲ್ಲ ಮಾರಾಯ."

ಅವನು ಸ್ಟೀರಿಂಗಿಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟ. "ಆ ಹಾಳು ಕೋತಿಗಳ ಮೇಲೆ ಹತ್ತಿಸಿ ಹೋಗಿದ್ದರೆ ಆಗುತ್ತಿತ್ತು," ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಹೊರಡುವ ಬೆಳಿಗ್ಗೆ ಬಂತು. ಅಬ್ಹಾದಿಂದ ಜಿದ್ದಾ, ಅಲ್ಲಿಂದ ಮುಂದೆ. ಸೂಟ್‌ಕೇಸುಗಳು ವ್ಯಾನು ಸೇರಿದವು. ಮಾರ್ಗಿಟ್ ಕೋಣೆಯಲ್ಲಿ ಕೋಟು ಹಾಕಿಕೊಂಡು ನಿಂತಿದ್ದಳು. ಪಿಟೀಲಿನ ಪೆಟ್ಟಿಗೆ ಮಂಚದ ಮೇಲೆ ತೆರೆದೇ ಇತ್ತು. ಪೆಟ್ರೊನಿಲ್ಲಾ ಸ್ಪಂಜು ಒದ್ದೆ ಮಾಡಿ, ಹಿಂಡಿ, ಡಬ್ಬಿಯಲ್ಲಿಟ್ಟು ತಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕೆಳಗಿನಿಂದ ಅಲಿಯಬ್ಬ ಹಾರ್ನ್ ಒತ್ತಿದ.

"ಒಂದು ಸಲ," ಎಂದಳು ಮಾರ್ಗಿಟ್. "ಕೊನೆಯ ಸಲ. ಪಿಟೀಲಿನ ಹತ್ತಿರ ಬಾ."

"ಬೇಡ ಸಿಸ್ಟರ್. ಮತ್ತೆ ಅದೇ ಬರುತ್ತದೆ. ನಿಮಗೆ ಮತ್ತೆ ಸಂಕಟ."

"ಬರಲು ಬಿಡುವುದಿಲ್ಲ. ಹಾಡು."

ಪೆಟ್ರೊನಿಲ್ಲಾ ಮಂಚದ ಬಳಿ ಮಂಡಿಯೂರಿ ಪೆಟ್ಟಿಗೆಯ ಮೇಲೆ ಬಗ್ಗಿದಳು. ಮಾರ್ಗಿಟ್ ಅವಳ ಎದುರಿಗೆ ತಾನೂ ಮಂಡಿಯೂರಿ ಕುಳಿತಳು, ಅವಳ ಅಪ್ಪ ಕಲಿಸಿದ ಹಾಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಹಾಡು ಶುರುವಾಯಿತು. ಕುಂಟು ಹೆಜ್ಜೆಯ ಮೊದಲ ಭಾಗ, ಎರಡನೆಯದು, ಮೂರನೆಯದು ಏರಿತು, ತಿರುಗಿತು. ಅಡಿತಂತಿಗಳು ಹೂಂಗುಟ್ಟಿದವು. ಆ ಜಾಗ ಬಂತು. ಇಳಿಯುವುದಕ್ಕೆ ಪೆಟ್ರೊನಿಲ್ಲಾಳ ಗಂಟಲು ಸಿದ್ಧವಾಗುವ ಮೊದಲೇ ಮಾರ್ಗಿಟ್ ತನ್ನ ಎಡಗೈಯನ್ನು, ಆ ಬಾಗಿದ ಎರಡು ಬೆರಳಿನ ಕೈಯನ್ನು, ಅವಳ ಬಾಯಿಗೆ ಗಟ್ಟಿಯಾಗಿ ಒತ್ತಿ ಹಿಡಿದಳು.

ಹಾಡು ತುಂಡಾಯಿತು. ತಂತಿಗಳ ಗುಂಯ್ ಒಂದು ಉಸಿರಿನಷ್ಟು ಹೊತ್ತು ಉಳಿದು, ಕರಗಿತು. ಕೆಳಗೆ ಮತ್ತೆ ಹಾರ್ನ್ ಆಯಿತು. ಮಾರ್ಗಿಟ್ ಕೈ ತೆಗೆಯಲಿಲ್ಲ. ಅವಳ ಕಣ್ಣು ಪೆಟ್ರೊನಿಲ್ಲಾಳ ಕಣ್ಣೊಳಗೆ ನೆಟ್ಟಿತ್ತು, ಬಾವಿಗೆ ಬಿದ್ದ ಕೊಡ ಮೇಲೆ ಬರುತ್ತದೋ ಎಂದು ನೋಡುವವಳ ಹಾಗೆ. ಆ ಕೈಯಡಿ ತುಟಿಗಳು ಮುಚ್ಚಿದ್ದವು, ಗಂಟಲು ಅಲುಗಿರಲಿಲ್ಲ. ಆದರೆ ಪೆಟ್ರೊನಿಲ್ಲಾಳ ಒಳಗೆ ಆ ಸಾಲು ತನ್ನಷ್ಟಕ್ಕೆ ತಾನೇ ಇಳಿದು, ಕುಳಿತು, ಮುಚ್ಚಿಕೊಂಡಿತು.

ಮಾರ್ಗಿಟ್ ಮೆಲ್ಲನೆ ಕೈ ತೆಗೆದು ಕೇಳಿದಳು:

"ನಿಜ ಹೇಳು, ಮಾಮಾ. ಈಗ ಒಳಗೆ ಏನು ಕೇಳಿಸಿತು?"